ಕಲ್ಲಿನೊಳಗಿನ ಸಂಸಾರ



ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ದಾವಣಗೆರೆಯ ತಾಯಿಯೊಬ್ಬರ ಪತ್ರ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅವರ ಮಗ ಪದವಿಪೂರ್ವ ತರಗತಿಯ ವಿದ್ಯಾರ್ಥಿ. ಎರಡು ವರ್ಷಗಳಿಂದ ಸಿಹಿನೀರಿನ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಅಚ್ಚುಕಟ್ಟಾಗಿ ಸಾಕಿಕೊಂಡು ಬಂದಿದ್ದಾನೆ. ಈಗ ಅವನಿಗೆ ಕಡಲ ಮೀನುಗಳನ್ನು ಸಾಕಬೇಕು, ಹವಳದ ದಿಬ್ಬದ ಚಿಕ್ಕದೊಂದು ಪ್ರತಿರೂಪವನ್ನು ಪಡಸಾಲೆಯಲ್ಲಿ ಕಟ್ಟಬೇಕು ಎಂಬ ಹಂಬಲ. ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದಾಗ ಅಲ್ಲಿಯವರು ಎರಡು ಬಗೆಯ ಕಲ್ಲುಗಳನ್ನು ತೋರಿಸಿದರಂತೆ. ಒಂದು ಬಿಳಿಯ ಒಣ ಕಲ್ಲು, ರಟ್ಟಿನ ಪೆಟ್ಟಿಗೆಯಲ್ಲಿತ್ತು. ಇನ್ನೊಂದು ಉಪ್ಪುನೀರಿನಲ್ಲಿ ಮುಳುಗಿಸಿಟ್ಟದ್ದು. ಮೈಮೇಲೆ ನೇರಳೆ, ಹಸಿರು, ಕಂದು ಬಣ್ಣದ ಕಲೆಗಳು, ಸಂದಿಗಳಿಂದ ಇಣುಕುವ ಸಣ್ಣ ಪ್ರಾಣಿಗಳು. ಅದರ ಹೆಸರು ‘ಲೈವ್ ರಾಕ್’, ಅಂದರೆ ಜೀವಂತ ಶಿಲೆ. “ಇದನ್ನಿಟ್ಟರೆ ಮರುವಾರವೇ ಮೀನು ಬಿಡಬಹುದು, ಒಣ ಕಲ್ಲನ್ನಿಟ್ಟರೆ ಎರಡು ತಿಂಗಳು ಖಾಲಿ ನೀರನ್ನು ನೋಡುತ್ತ ಕೂಡಬೇಕು” ಎಂದು ಅವರು ಹೇಳಿದ ಮೇಲೆ ಹುಡುಗನ ಮನಸ್ಸು ಯಾವ ಕಡೆಗೆ ವಾಲಿತೆಂಬುದನ್ನು ಹೇಳಬೇಕಾಗಿಲ್ಲ.

ತಾಯಿಯವರ ಪ್ರಶ್ನೆಗಳು ಎರಡು. ಕಲ್ಲಿನಲ್ಲಿ ಜೀವವಿದೆಯೆಂದ ಮೇಲೆ ಅದನ್ನು ಕಡಲಿನಿಂದ ಎತ್ತಿ ತರಿಸಿಕೊಳ್ಳುವುದು ನಮ್ಮಂಥವರ ಮನೆಗೆ ತಕ್ಕುದೆ? ಜೀವವಿಲ್ಲದ ಕಲ್ಲನ್ನು ತಂದರೆ ಆ ಮೀನುಗಳು ಬದುಕುತ್ತವೆಯೆ? ಮೊದಲನೆಯದು ಧರ್ಮದ ಪ್ರಶ್ನೆ, ಎರಡನೆಯದು ವಿಜ್ಞಾನದ್ದು ಎಂದು ಬೇರ್ಪಡಿಸಿ, ಮೊದಲನೆಯದಕ್ಕೆ ಮಾತ್ರ ನಾಲ್ಕು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಕಲ್ಲಿನ ಜೀವವನ್ನು ಉಳಿಸಹೋಗಿ ಮೀನಿನ ಜೀವವನ್ನು ಕಳೆದರೆ ಅದು ಯಾವ ಧರ್ಮ? ಆದ್ದರಿಂದ ಎರಡನ್ನೂ ಕೂಡಿಸಿಯೇ ವಿಚಾರಿಸಬೇಕಾಯಿತು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಹನ್ನೆರಡು ವರ್ಷಗಳಿಂದ ಇಂಥ ತೊಟ್ಟಿಯನ್ನು ಇಟ್ಟುಕೊಂಡಿರುವುದರಿಂದ ಅದರ ಏಳುಬೀಳುಗಳನ್ನು ನಾನು ಹತ್ತಿರದಿಂದ ಕಂಡವನೇ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಜೀವಂತ ಶಿಲೆಯಲ್ಲಿ ಶಿಲೆಗೆ ಜೀವವಿಲ್ಲ. ಹವಳವೆಂಬುದು ಅತಿ ಚಿಕ್ಕ ಪ್ರಾಣಿ. ಅದು ಕಡಲನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಸುತ್ತ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತದೆ. ಒಂದು ತಲೆಮಾರು ಅಳಿದ ಮೇಲೆ ಅದರ ಗೂಡಿನ ಮೇಲೆ ಮುಂದಿನ ತಲೆಮಾರು ಕಟ್ಟುತ್ತದೆ. ಹೀಗೆ ಸಾವಿರಾರು ವರ್ಷ ನಡೆದಾಗ ದಿಬ್ಬವಾಗುತ್ತದೆ. ಅಲೆಯ ಹೊಡೆತಕ್ಕೆ ಮುರಿದು ಕೆಳಗೆ ಬಿದ್ದ ತುಂಡುಗಳೇ ಈ ಶಿಲೆಗಳು. ದ್ರವ್ಯದಿಂದ ನೋಡಿದರೆ ಇವು ಕ್ಯಾಲ್ಸಿಯಂ ಕಾರ್ಬೊನೇಟ್. ನಾವು ಎಲೆಗೆ ಹಚ್ಚಿಕೊಳ್ಳುವ ಸುಣ್ಣವನ್ನು ಯಾವ ಕಲ್ಲಿನಿಂದ ಸುಡುತ್ತಾರೋ, ನಮ್ಮ ಕರಾವಳಿಯಲ್ಲಿ ಯಾವ ಚಿಪ್ಪಿನಿಂದ ಸುಡುತ್ತಾರೋ ಅದೇ ವಸ್ತು. ಆದರೆ ಹವಳದ ಕಲ್ಲು ಜೇನುಹುಟ್ಟಿನಂತೆ ರಂಧ್ರಮಯ. ಆ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳುಗಳು, ಅಕ್ಕಿಕಾಳಿಗಿಂತ ಚಿಕ್ಕ ಸೀಗಡಿಯಂಥ ಪ್ರಾಣಿಗಳು, ಏಡಿಗಳು ಮನೆಮಾಡಿಕೊಂಡಿರುತ್ತವೆ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳೂ ಬಲ್ಲರು. ಇಲ್ಲಿ ಕಲ್ಲು ಸ್ಥಾವರ, ಒಳಗಿನ ಸಂಸಾರ ಜಂಗಮ. ಅಂಗಡಿಯವರು ಬೆಲೆ ಕಟ್ಟುವುದು ಜಂಗಮಕ್ಕೆ.

ಈ ಸಂಸಾರ ಮಾಡುವ ಕೆಲಸವೇನು? ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಹುಟ್ಟುವುದು ಅದೇ. ಕಡಲಿನಲ್ಲಿ ಅದಕ್ಕೆ ಲೆಕ್ಕವಿಲ್ಲ. 200 ಲೀಟರಿನ ತೊಟ್ಟಿಯಲ್ಲಿ ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ಮೀನಿಗೆ ಕೇಡೇ. ಇನ್ನೊಂದು ಜಾತಿ ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಕಲ್ಲಿನ ಆಳದ ರಂಧ್ರಗಳಲ್ಲಿ, ಆಮ್ಲಜನಕ ಮುಟ್ಟದ ಕತ್ತಲೆಯಲ್ಲಿ, ಮೂರನೆಯ ಜಾತಿಯೊಂದು ನೈಟ್ರೇಟನ್ನೂ ಒಡೆದು ನಿರಪಾಯದ ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತದೆ. ಈ ಜೀವಿಗಳ ಮೊದಲೆರಡು ಹೆಜ್ಜೆಗಳನ್ನು 1890ರ ಸುಮಾರಿಗೆ ಸೆರ್ಗೇ ವಿನೋಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಮಣ್ಣಿನಲ್ಲಿ ಪತ್ತೆಹಚ್ಚಿದರು. ನಾನು ಇದನ್ನು ಓದಿದಾಗ ನೆನಪಾದದ್ದು ಬಾಲ್ಯದಲ್ಲಿ ಮಠದ ದಾಸೋಹದಲ್ಲಿ ಕಂಡ ನೋಟ. ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವವರು ಒಬ್ಬರು, ಉಳಿದದ್ದನ್ನು ಗುಡಿಸಿ ದನಗಳಿಗೆ ಒಯ್ಯುವವರು ಇನ್ನೊಬ್ಬರು, ನೆಲ ಸಾರಿಸುವವರು ಮತ್ತೊಬ್ಬರು. ಯಾರೊಬ್ಬರು ಬಾರದಿದ್ದರೂ ಮುಂದಿನ ಪಂಕ್ತಿ ಕೂಡುವಂತಿರಲಿಲ್ಲ.

ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕ್ರಮವೆಂದರೆ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ಮೇಲೆಯೇ ಉತ್ತರಕ್ಕೆ ಕೈಹಾಕಬೇಕು ಎಂಬುದು. ಜೀವಂತ ಶಿಲೆಯ ಪಕ್ಷ ದುರ್ಬಲವಾದುದೇನಲ್ಲ. 1961ರಲ್ಲಿ ಇಂಡೋನೇಷ್ಯದ ಜಕಾರ್ತಾದಲ್ಲಿದ್ದ ಲೀ ಚಿನ್ ಎಂಗ್ ಎಂಬುವರು, ಯಂತ್ರಗಳಿಗಿಂತ ಕಡಲ ಕಲ್ಲು, ಕಡಲ ನೀರು, ಬಿಸಿಲು ಮತ್ತು ಗಾಳಿಗುಳ್ಳೆಗಳನ್ನೇ ನಂಬಿ ಹವಳಗಳನ್ನೂ ಮೀನುಗಳನ್ನೂ ಬದುಕಿಸಿದ ತಮ್ಮ ವಿಧಾನವನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದೇ ಶಿಲೆಗೆ, ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನವನ್ನು ಕೂಡಿಸಿದರು. ಅದು ಇಂದಿಗೂ ‘ಬರ್ಲಿನ್ ಪದ್ಧತಿ’ ಎಂದೇ ಪ್ರಸಿದ್ಧ. ಕಡಲಿನಿಂದ ಬಂದ ಕಲ್ಲಿನಲ್ಲಿ ಯಾವ ಸೀಸೆಯಲ್ಲಿಯೂ ತುಂಬಿ ಮಾರಲಾಗದಷ್ಟು ಬಗೆಯ ಜೀವಿಗಳಿರುತ್ತವೆ. ಅಷ್ಟು ಬಗೆಯವು ಇರುವಲ್ಲಿ ಯಾವುದೋ ಒಂದು ಕೇಡಿನ ಪಾಚಿ ಎಲ್ಲವನ್ನೂ ಆಕ್ರಮಿಸುವುದು ಕಷ್ಟ. ಒಣ ಕಲ್ಲಿನಿಂದ ಆರಂಭಿಸಿದವರು ಮೊದಲ ವರ್ಷ ಪಡುವ ಪಾಡಿನಲ್ಲಿ ಅರ್ಧದಷ್ಟನ್ನೂ ಒಳ್ಳೆಯ ಜೀವಂತ ಶಿಲೆಯನ್ನು ಇಟ್ಟವರು ಪಡುವುದಿಲ್ಲ. ಇದು ಅನುಭವಿಗಳ ಮಾತು. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು.

ಆದರೆ ‘ಒಳ್ಳೆಯ’ ಎಂಬ ವಿಶೇಷಣದಲ್ಲಿಯೇ ಎಲ್ಲವೂ ಅಡಗಿದೆ. ಕಡಲಿನಿಂದ ಎತ್ತಿದ ಕಲ್ಲು ಒದ್ದೆ ಕಾಗದದಲ್ಲಿ ಸುತ್ತಿಕೊಂಡು, ಥರ್ಮಕೋಲ್ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಪಯಣಿಸುತ್ತದೆ. ಬ್ಯಾಕ್ಟೀರಿಯಾ ಹೇಗೋ ಉಳಿದಾವು. ಸ್ಪಂಜು ಮೊದಲಾದ ಮೃದು ಜೀವಿಗಳು ದಾರಿಯಲ್ಲಿಯೇ ಸಾಯುತ್ತವೆ. ಅವು ತೊಟ್ಟಿಗೆ ಬಿದ್ದಾಗ ಕೊಳೆತು, ಯಾವ ಅಮೋನಿಯಾವನ್ನು ಕಳೆಯಲೆಂದು ಕಲ್ಲನ್ನು ತಂದೆವೋ ಅದೇ ಅಮೋನಿಯಾವನ್ನು ಉಕ್ಕಿಸುತ್ತವೆ. ಬಲ್ಲವರು ಕಲ್ಲನ್ನು ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಇಟ್ಟು, ಸತ್ತದ್ದನ್ನು ಉಜ್ಜಿ ತೆಗೆದು, ನೀರು ಬದಲಿಸಿ ಹದಗೊಳಿಸುತ್ತಾರೆ. ಅಂದರೆ ಕಾಯುವುದು ಇಲ್ಲಿಯೂ ತಪ್ಪದು. ಇದನ್ನು ಅಂಗಡಿಯವರು ಹುಡುಗನಿಗೆ ಹೇಳಿದಂತೆ ಕಾಣುವುದಿಲ್ಲ.

ನನ್ನ ಸೋದರಳಿಯನಿಗೂ ಹೇಳಿರಲಿಲ್ಲ. ಮೊದಲ ವರ್ಷ ಅವನು ಅಂಗಡಿಯೊಂದರಿಂದ ಮೂವತ್ತು ಕಿಲೋ ಕಲ್ಲನ್ನು ತಂದು ಅದೇ ಸಂಜೆ ತೊಟ್ಟಿಗಿಳಿಸಿದ. ಮೂರನೆಯ ದಿನ ನೀರು ಅಕ್ಕಿತೊಳೆದ ಕಲಗಚ್ಚಿನಂತಾಯಿತು. ನಾನು ಆಗ ಅವರ ಮನೆಯಲ್ಲಿಯೇ ಇದ್ದೆ. ಆ ದುರ್ವಾಸನೆಯನ್ನು ವರ್ಣಿಸಲಾರೆ. ಅಕ್ಕ ಇಷ್ಟಲಿಂಗಪೂಜೆಗೆ ಪಡಸಾಲೆಯ ಪಕ್ಕದ ಕೋಣೆಯನ್ನು ಬಿಟ್ಟು ಮಹಡಿಯ ಮೆಟ್ಟಿಲ ಕೆಳಗೆ ಮಣೆ ಹಾಕಿಕೊಂಡಳು. ನಾಲ್ಕು ಮೀನುಗಳಿದ್ದವು, ನಾಲ್ಕೂ ಹೋದವು. ಅಂಗಡಿಗೆ ಹೋಗಿ ಈ ಕಲ್ಲು ಯಾವ ಕಡಲಿನದು, ತಂದದ್ದಕ್ಕೆ ಕಾಗದಪತ್ರವೇನಿದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಆ ಕಲ್ಲನ್ನು ಕೊಳ್ಳುವುದೇ ಕಾನೂನಿಗೆ ವಿರುದ್ಧವಾಗಿತ್ತೆಂದು ಅವನಿಗೆ ತಿಳಿದದ್ದು ಅನಂತರ. ಓದಿದ ಹುಡುಗ, ಕೇಳಿ ತಿಳಿದುಕೊಳ್ಳಬಹುದಿತ್ತು, ಕೇಳಲಿಲ್ಲ. ನಮ್ಮ ಮನೆಯವನೆಂದು ನಾನು ಅದನ್ನು ಮುಚ್ಚಿಡುವುದಿಲ್ಲ.

ಕಲ್ಲಿನೊಡನೆ ಬರುವ ಅತಿಥಿಗಳ ವಿಷಯವನ್ನೂ ಹೇಳಬೇಕು. ಇಂಗ್ಲೆಂಡಿನ ನ್ಯೂಕ್ವೇ ಪಟ್ಟಣದ ಬ್ಲೂ ರೀಫ್ ಎಂಬ ಸಾರ್ವಜನಿಕ ಮತ್ಸ್ಯಾಲಯದಲ್ಲಿ ರಾತ್ರಿಯ ವೇಳೆ ಹವಳಗಳು ತುಂಡಾಗುತ್ತಿದ್ದವು, ಮೀನುಗಳಿಗೆ ಗಾಯವಾಗುತ್ತಿತ್ತು. ಕಾರಣ ತಿಳಿಯದೆ 2009ರಲ್ಲಿ ಸಿಬ್ಬಂದಿ ಇಡೀ ದಿಬ್ಬವನ್ನು ಬಿಚ್ಚಿದಾಗ ಕಲ್ಲಿನ ನಡುವೆ ಸುಮಾರು ನಾಲ್ಕು ಅಡಿ ಉದ್ದದ, ಬಲವಾದ ದವಡೆಗಳುಳ್ಳ ಕಡಲಹುಳು ಸಿಕ್ಕಿತು. ಎಳೆಯದಾಗಿದ್ದಾಗ ಕಲ್ಲಿನೊಳಗೆ ಸೇರಿ ಬಂದದ್ದು ಅಲ್ಲಿಯೇ ಬೆಳೆದಿರಬೇಕು ಎಂದು ಅವರು ಊಹಿಸಿದರು. ಎಲ್ಲ ತೊಟ್ಟಿಯಲ್ಲಿಯೂ ಹೀಗಾಗುತ್ತದೆಂದು ನಾನು ಹೆದರಿಸುತ್ತಿಲ್ಲ. ಮನೆಯವರು ನಿಜವಾಗಿ ಎಚ್ಚರವಹಿಸಬೇಕಾದದ್ದು ಬೇರೊಂದಕ್ಕೆ. ಇಂಥ ಕಲ್ಲುಗಳ ಮೇಲೆ ಗುಂಡಿಯಾಕಾರದ, ನೋಡಲು ಹೂವಿನಂತಿರುವ ಜೊವಾಂತಿಡ್ ಎಂಬ ಜೀವಿಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವಿರುತ್ತದೆ. ಅಮೆರಿಕದ ಅಲಾಸ್ಕಾದಲ್ಲಿ 2012 ಮತ್ತು 2014ರ ನಡುವೆ, ಇವುಗಳನ್ನು ಇರಿಸಿಕೊಂಡಿದ್ದ ಅಂಗಡಿ ಮತ್ತು ಮನೆಗಳಲ್ಲಿದ್ದವರು ಉಸಿರಾಟದ ತೊಂದರೆ, ಜ್ವರಗಳಿಂದ ನರಳಿದ ಪ್ರಕರಣಗಳನ್ನು ಅಲ್ಲಿಯ ಆರೋಗ್ಯ ಇಲಾಖೆ ದಾಖಲಿಸಿದೆ. ಕಲ್ಲನ್ನು ಶುದ್ಧಮಾಡುತ್ತೇನೆಂದು ಕಡಲಿನಿಂದ ಬಂದ ಕಲ್ಲನ್ನು ಯಾರೂ ಒಲೆಯ ಮೇಲಿಟ್ಟು ಕುದಿಸಕೂಡದು. ಆ ಹಬೆ ಮನೆಮಂದಿಯೆಲ್ಲರನ್ನೂ ಆಸ್ಪತ್ರೆಗೆ ಸೇರಿಸಬಲ್ಲುದು.

ಇನ್ನು ಕಡಲಿನ ಕಡೆಯಿಂದ ನೋಡೋಣ. ಬಿದ್ದ ಕಲ್ಲನ್ನು ಎತ್ತಿದರೆ ಯಾರಿಗೆ ನಷ್ಟ ಎಂದು ಕೇಳುವವರಿದ್ದಾರೆ. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ, ತೂತ್ತುಕುಡಿಯಿಂದ ರಾಮೇಶ್ವರದವರೆಗೆ, ದಡಕ್ಕೆ ಸಮಾನಾಂತರವಾಗಿ 21 ಚಿಕ್ಕ ದ್ವೀಪಗಳ ಸಾಲೊಂದಿತ್ತು. ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ, ಕಾರ್ಖಾನೆಗಳಿಗಾಗಿ ಅಲ್ಲಿಯ ಹವಳವನ್ನು ದಶಕಗಳ ಕಾಲ ಅಗೆದು ದೋಣಿಗಳಲ್ಲಿ ತುಂಬಿ ತಂದರು. ದಿಬ್ಬವು ಅಲೆಯ ಬಲವನ್ನು ಮುರಿಯುವ ಗೋಡೆ. ಗೋಡೆ ಹೋದ ಮೇಲೆ ಅಲೆ ನೇರವಾಗಿ ಮರಳಿಗೆ ಬಡಿಯಿತು. ವಿಲಾಂಗುಚಲ್ಲಿ ಮತ್ತು ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪಗಳು ಇಂದು ನೀರಿನ ಕೆಳಗಿವೆ. 1986ರಲ್ಲಿ ಆ ಪ್ರದೇಶವನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೆಯೂ ಅಗೆತ ಬಹುಕಾಲ ನಿಲ್ಲಲಿಲ್ಲ. ಇದು ಅಕ್ವೇರಿಯಂ ಹವ್ಯಾಸಿಗಳ ಕೃತ್ಯವಲ್ಲ, ಒಪ್ಪುತ್ತೇನೆ. ಆದರೆ ಕಡಲಿಗೆ ತನ್ನ ಕಲ್ಲು ಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ.

ಹವ್ಯಾಸಿಗಳ ಬೇಡಿಕೆಯೂ ಸಣ್ಣದಾಗಿರಲಿಲ್ಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳು ಬಹುಕಾಲ ಜಗತ್ತಿಗೆ ಜೀವಂತ ಶಿಲೆಯನ್ನು ಒದಗಿಸಿದ ಮುಖ್ಯ ನೆಲೆ. ಅಲ್ಲಿಯ ಹಳ್ಳಿಗರು ತಮ್ಮ ತಮ್ಮ ಪಾಲಿನ ಕಡಲಭಾಗದಿಂದ ಕಲ್ಲನ್ನೆತ್ತಿ ಮಾರುತ್ತಿದ್ದರು. 2017ರ ಕೊನೆಯಲ್ಲಿ ಅಲ್ಲಿಯ ಸರ್ಕಾರ ಅದರ ರಫ್ತನ್ನು ನಿಷೇಧಿಸಿತು. ಕಡಲಿಗೆ ಹಿತವಾಯಿತು, ಹಳ್ಳಿಗರ ಆದಾಯಕ್ಕೆ ಪೆಟ್ಟಾಯಿತು; ಎರಡೂ ನಿಜವೇ. ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ನೈಸರ್ಗಿಕ ಕಲ್ಲನ್ನು ಎತ್ತುವುದು 1997ರ ಹೊತ್ತಿಗೆ ನಿಂತಿತು. ಅಲ್ಲಿಯವರು ಬೇರೊಂದು ದಾರಿ ಕಂಡುಕೊಂಡರು. ನೆಲದ ಗಣಿಯಿಂದ ಸುಣ್ಣಕಲ್ಲನ್ನು ತಂದು, ಸರ್ಕಾರದಿಂದ ಗೇಣಿಗೆ ಪಡೆದ ಕಡಲತಳದಲ್ಲಿ ಹಾಕಿ, ವರ್ಷಗಟ್ಟಲೆ ಬಿಟ್ಟು, ಜೀವ ಹತ್ತಿದ ಮೇಲೆ ಎತ್ತಿ ಮಾರುತ್ತಾರೆ. ಬಿತ್ತಿ ಬೆಳೆದು ಕೊಯ್ಯುವ ಈ ಕ್ರಮ ಒಕ್ಕಲುತನವೇ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಕ್ಕಳು ಅಂಥ ಕಲ್ಲನ್ನು ಕೊಂಡರೆ ನಾನು ಆಕ್ಷೇಪಿಸಲಾರೆ.

ನಮ್ಮ ದೇಶದಲ್ಲಿ ಆ ಅನುಕೂಲವಿಲ್ಲ. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿ, ಆನೆಗಳಿರುವ ಪಟ್ಟಿಗೆ ಸೇರಿಸಲಾಯಿತು. ಈ ಪಟ್ಟಿಯ ಪ್ರಾಣಿಗಳ ವಿಷಯದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. ಸತ್ತ ಹವಳದ ತುಂಡನ್ನು ಮಾರುವುದಕ್ಕೂ ಇದೇ ಕಾಯಿದೆ ಅಡ್ಡಬರುತ್ತದೆಂಬುದನ್ನು ಬಹಳ ಜನ ಅರಿಯರು. ಹಿಂದೆ ರಾಮೇಶ್ವರ ಯಾತ್ರೆಯಿಂದ ಮರಳುವವರು ಶಂಖದೊಡನೆ ಬಿಳಿಯ ಹವಳದ ಗೊಂಚಲನ್ನೂ ತಂದು ಕಪಾಟಿನಲ್ಲಿಡುತ್ತಿದ್ದರು. ಈಗ ಅಂಥದನ್ನು ಕೊಳ್ಳಲೇಬಾರದು. ಉಂಗುರದಲ್ಲಿ ಕೂರಿಸುವ ಕೆಂಪು ಹವಳ ಮೆಡಿಟರೇನಿಯನ್ ಮೊದಲಾದ ಕಡಲುಗಳ ಬೇರೆ ಕುಲದ್ದು. ಗ್ರಹಶಾಂತಿಗೆಂದು ಅದನ್ನು ತೊಡುವವರೊಡನೆ ನನಗಿರುವ ಜಗಳ ಬೇರೆ, ಅದು ಇಲ್ಲಿ ಬೇಡ.

ಹೀಗಾಗಿ ದಾವಣಗೆರೆಯ ತಾಯಿಯವರಿಗೆ ನನ್ನ ಉತ್ತರ ಸ್ಪಷ್ಟ: ಒಣ ಕಲ್ಲು. ಅದರಲ್ಲಿಯೂ ಹವಳದ ಒಣಗಿದ ಅಸ್ಥಿಯಲ್ಲ, ಮನುಷ್ಯರು ಮಾಡಿದ ಕಲ್ಲು. ಸುಟ್ಟ ಮಣ್ಣಿನದು ಸಿಗುತ್ತದೆ, ಸಿಮೆಂಟಿನದು ಸಿಗುತ್ತದೆ. ಹುಡುಗನಿಗೆ ಉತ್ಸಾಹವಿದ್ದರೆ ತಾನೇ ಮಾಡಿಕೊಳ್ಳಬಹುದು. ಒಂದು ಭಾಗ ಬಿಳಿಯ ಸಿಮೆಂಟಿಗೆ ನಾಲ್ಕೈದು ಭಾಗ ಪುಡಿಮಾಡಿದ ಚಿಪ್ಪು ಮತ್ತು ಹರಳುಪ್ಪನ್ನು ಕಲಸಿ, ಒದ್ದೆ ಮರಳಿನಲ್ಲಿ ತೋಡಿದ ಗುಳಿಗಳಲ್ಲಿ ಅಚ್ಚು ಹಾಕಬೇಕು. ಗಟ್ಟಿಯಾದ ಮೇಲೆ ಸಿಹಿನೀರಿನಲ್ಲಿ ಮುಳುಗಿಸಿದರೆ ಉಪ್ಪು ಕರಗಿಹೋಗಿ ರಂಧ್ರಗಳು ಉಳಿಯುತ್ತವೆ. ಸಿಮೆಂಟಿನ ಕ್ಷಾರ ಇಳಿಯಲು ಆರೆಂಟು ವಾರ ಬೇಕು. ಅಲ್ಲಿಯವರೆಗೆ ನೀರನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕು. ಕೈಗೆ ರಬ್ಬರಿನ ಚೀಲ ತೊಡದೆ ಸಿಮೆಂಟನ್ನು ಮುಟ್ಟುವುದು ಬೇಡ. ಕರಿಕಲ್ಲು, ಕಡಪಕಲ್ಲುಗಳನ್ನು ಇಡಬಹುದಲ್ಲ ಎಂದರೆ, ಅವುಗಳಲ್ಲಿ ರಂಧ್ರಗಳಿಲ್ಲ. ಜೀವ ಕೂಡಲು ಎಡೆಯಿಲ್ಲ.

ಎಷ್ಟು ಕಲ್ಲು? ಹಳೆಯ ಲೆಕ್ಕದಂತೆ ಲೀಟರಿಗೆ 120ರಿಂದ 240 ಗ್ರಾಂ, ಅಂದರೆ 200 ಲೀಟರಿನ ತೊಟ್ಟಿಗೆ 24ರಿಂದ 48 ಕಿಲೋ. ರಂಧ್ರಗಳು ಹೆಚ್ಚಿರುವ ಹಗುರವಾದ ಕಲ್ಲಾದರೆ ಕಡಿಮೆ ಸಾಕು. ಮೀನು ಓಡಾಡಲು ಎಡೆ ಬಿಟ್ಟು ಅಡಕಬೇಕು. ನೀರು, ಕಲ್ಲು, ಗಾಜು ಕೂಡಿದರೆ ಕಾಲು ಟನ್ನು ದಾಟುತ್ತದೆಯಾದ್ದರಿಂದ ಹಳೆಯ ಮನೆಯ ಮಹಡಿಯ ಮೇಲೆ ಬೇಡ.

ಒಣ ಕಲ್ಲಿನ ಕಷ್ಟಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ತಿಂಗಳುಗಳಲ್ಲಿ ಬಿಳಿಯ ಕಲ್ಲಿನ ಮೇಲೆ ಡಯಾಟಮ್ ಎಂಬ ಕಂದು ಧೂಳಿನಂಥ ಪಾಚಿ ಹಬ್ಬುತ್ತದೆ. ಅದು ಹೋದ ಮೇಲೆ ಕೂದಲಿನಂಥ ಹಸಿರು ಪಾಚಿ. ಕೆಲವೊಮ್ಮೆ ಲೋಳೆಯಂತೆ ಎಳೆಎಳೆಯಾಗಿ, ನಡುವೆ ಗಾಳಿಗುಳ್ಳೆಗಳನ್ನು ಹಿಡಿದುಕೊಂಡಿರುವ ಡೈನೋಫ್ಲಾಜೆಲೇಟ್. ಇದು ಎಲ್ಲಕ್ಕಿಂತ ಹಟಮಾರಿ. ನೆಂಟರು ಬಂದು “ಇಷ್ಟು ಖರ್ಚು ಮಾಡಿ ಇದನ್ನೇ ಇಟ್ಟಿರೇನು?” ಎಂದು ಕೇಳುವ ಕಾಲ ಇದೇ. ಬಹಳ ಜನ ಈ ಹಂತದಲ್ಲಿ ತೊಟ್ಟಿಯನ್ನು ಮಾರಿಬಿಡುತ್ತಾರೆ. ಬಹುಪಾಲು ಕೇಡಿಗೆ ಮೂಲ, ಅವಸರದಿಂದ ಹೆಚ್ಚು ಮೀನು ಬಿಟ್ಟು ಹೆಚ್ಚು ಆಹಾರ ಹಾಕುವುದು.

ಒಣ ಕಲ್ಲು ತಾನಾಗಿಯೇ ಜೀವ ತಳೆಯುವುದೆ? ತಳೆಯುತ್ತದೆ, ಆದರೆ ಹೆಪ್ಪು ಹಾಕಿದರೆ ಬೇಗ. ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕೊಡ ಹಾಲಿಗೆ ಒಂದು ಕೊಡ ಮೊಸರನ್ನು ಯಾರೂ ಸುರಿಯುವುದಿಲ್ಲ. ಪಕ್ಕದ ಮನೆಯಿಂದ ಚಮಚದಷ್ಟು ತಂದರೆ ಸಾಲದೆ? ಹಾಗೆಯೇ ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ಕಡಲತೊಟ್ಟಿಯುಳ್ಳವರೊಬ್ಬರನ್ನು ಹುಡುಕಿ, ಅವರ ಫಿಲ್ಟರಿನ ಸ್ಪಂಜಿನ ತುಂಡನ್ನೋ, ಅದರೊಳಗಿನ ಹಿಡಿಯಷ್ಟು ಮಣ್ಣಿನ ಉಂಗುರಗಳನ್ನೋ ಬೇಡಿ ತಂದು ತೊಟ್ಟಿಯಲ್ಲಿಡಬೇಕು. ಅದರಲ್ಲಿರುವ ಬ್ಯಾಕ್ಟೀರಿಯಾ ನಮ್ಮ ಕಲ್ಲಿಗೆ ಹಬ್ಬುತ್ತದೆ. ಅವರ ಗಾಜಿನ ಮೇಲೆ ಬೆಳೆದ ನೇರಳೆ ಬಣ್ಣದ ಹೊಪ್ಪಳೆಯನ್ನು ಕೆರೆದು ಕೊಟ್ಟರಂತೂ ಒಳ್ಳೆಯದೇ. ಕೋರಲೈನ್ ಎಂಬ ಹೆಸರಿದ್ದರೂ ಅದು ಹವಳವಲ್ಲ, ಸುಣ್ಣವನ್ನು ಮೈಗೂಡಿಸಿಕೊಂಡ ಪಾಚಿ. ಕಡಲ ಕಲ್ಲಿಗೆ ಆ ಚೆಲುವಾದ ಬಣ್ಣ ಬರುವುದು ಅದರಿಂದಲೇ. ಹೀಗೆ ಪಡೆದದ್ದರಲ್ಲಿ ಯಾವ ದಿಬ್ಬವೂ ಒಡೆಯುವುದಿಲ್ಲ. ಕೊಟ್ಟವರ ತೊಟ್ಟಿಯಲ್ಲಿಯೂ ಏನೂ ಕಡಿಮೆಯಾಗುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಅದಕ್ಕೆ ಅಮೋನಿಯಾದ ಊಟ ಬೇಕು. ಹಿಂದೆ ಇದಕ್ಕಾಗಿ ಒಂದೆರಡು ಅಗ್ಗದ ಮೀನುಗಳನ್ನು ಬಿಟ್ಟು, ಅವು ಆ ವಿಷದಲ್ಲಿ ನರಳುತ್ತಿರುವಾಗ ನೀರು ಹದವಾಗುವುದನ್ನು ಕಾಯುತ್ತಿದ್ದರು. ಅಗ್ಗದ ಮೀನೆಂದರೆ ಅದಕ್ಕೆ ಉಸಿರೂ ಅಗ್ಗವೆ? ಕೆಲವರು ಸೀಗಡಿಯ ತುಂಡನ್ನು ಹಾಕಿ ಕೊಳೆಸಲು ಹೇಳುತ್ತಾರೆ. ಶಾಕಾಹಾರಿಗಳ ಮನೆಯಲ್ಲಿ ಅದೂ ಬೇಡ. ಹಿಂದೆ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರ ನೆನಪಿದೆಯೆ? ಅದರ ರಾಸಾಯನಿಕ ಹೆಸರು ಅಮೋನಿಯಂ ಕ್ಲೋರೈಡ್. ಪ್ರಯೋಗಾಲಯಕ್ಕೆಂದು ಮಾರುವ ಶುದ್ಧವಾದದ್ದನ್ನು ತಂದು, ನೀರಿನಲ್ಲಿ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಟೆಸ್ಟ್ ಕಿಟ್ಟಿನಿಂದ ದಿನವೂ ಅಳೆಯಬೇಕು. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಬಳಿಕ ಅದೂ ಇಳಿಯುತ್ತದೆ. ಹಾಕಿದ 2 ಮಿಲಿಗ್ರಾಂ ಒಂದೇ ದಿನದಲ್ಲಿ ಪೂರ್ತಿ ಕರಗಿ, ಎರಡೂ ಸೊನ್ನೆಯಾದರೆ ಕಲ್ಲಿಗೆ ಜೀವ ಬಂದಿತೆಂದು ತಿಳಿಯಬೇಕು. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ. ನೀರಿಗೆ ಅಡುಗೆಯ ಉಪ್ಪು ನಡೆಯದು. ಕಡಲತೊಟ್ಟಿಗೆಂದೇ ಮಾಡಿದ ಉಪ್ಪನ್ನು ಲೀಟರಿಗೆ 35 ಗ್ರಾಂನಂತೆ, 200 ಲೀಟರಿಗೆ 7 ಕಿಲೋ, ಆರ್.ಓ. ನೀರಿನಲ್ಲಿ ಕರಗಿಸಬೇಕು. ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಹಾಕಿದರೆ ಪಾಚಿಗೆ ಹಬ್ಬ.

ಆಮೇಲೆ ಬಿಡುವ ಮೀನು ಮನುಷ್ಯರ ಆರೈಕೆಯಲ್ಲಿ ಮರಿಯಾದದ್ದಾಗಿರಲಿ. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನನ್ನು ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಮತ್ತು ವಿಳಿಞ್ಞಂ ಕೇಂದ್ರಗಳಲ್ಲಿ ಸಾಧಿಸಿದ್ದಾರೆ. ಹಾಗೆ ಹುಟ್ಟಿದ ಒಂದು ಜೋಡಿ ಮೊದಲ ವರ್ಷಕ್ಕೆ ಧಾರಾಳ. ಇವುಗಳ ಆಹಾರದಲ್ಲಿ ಸಾಮಾನ್ಯವಾಗಿ ಮೀನಿನ ಪುಡಿಯೇ ಬೆರೆತಿರುತ್ತದೆಂಬುದನ್ನು ತಾಯಿಯವರು ಈಗಲೇ ತಿಳಿದಿರುವುದು ಲೇಸು. ಅದಕ್ಕೆ ಮನಸ್ಸು ಒಪ್ಪದಿದ್ದರೆ ತೊಟ್ಟಿಯ ವಿಚಾರವನ್ನೇ ಕೈಬಿಡಬೇಕಲ್ಲದೆ, ತಂದ ಮೇಲೆ ಮೀನಿಗೆ ನಮ್ಮ ವ್ರತವನ್ನು ಹೇರುವುದು ಸಲ್ಲದು.

ಜೀವಂತ ಗಟ್ಟಿಹವಳವನ್ನೂ ಇಡಬೇಕೆಂಬ ಹುಡುಗನ ಆಸೆಗೆ ನಾನು ಅನುಮೋದನೆ ಕೊಡಲಾರೆ. ಕಾನೂನನ್ನು ಮೇಲೆ ಹೇಳಿದ್ದೇನೆ. 2024ರಲ್ಲಿ ಲಕ್ಷದ್ವೀಪದ ಕಡಲು ಕಾದು ಅಲ್ಲಿಯ ಹವಳ ವ್ಯಾಪಕವಾಗಿ ಬಿಳಿಚಿಕೊಂಡಿತೆಂದು ಅದೇ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಇರುವಲ್ಲಿಯೇ ಅದಕ್ಕೆ ಬದುಕು ಕಷ್ಟವಾಗಿರುವ ಕಾಲ ಇದು. ಅವನು ಹವಳವನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಮುರುಡೇಶ್ವರದಿಂದ ಕಡಲಿನೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳವೂ ಇದೆ, ಅದರ ನಡುವೆ ಆಡುವ ಮೀನುಗಳೂ ಇವೆ. ತರಬೇತಿ ಪಡೆದವರು ಜೊತೆಗಿದ್ದು ನೀರಿಗಿಳಿಸಿ ತೋರಿಸುತ್ತಾರೆ. ಮಳೆಗಾಲ ಕಳೆದ ಮೇಲೆ, ಪರೀಕ್ಷೆಯ ಗಡಿಬಿಡಿಯಿಲ್ಲದಾಗ ಕರೆದುಕೊಂಡು ಹೋಗಿರಿ. ಕಲ್ಲನ್ನು ಎಲ್ಲಿಂದ ಎತ್ತುತ್ತಾರೆಂಬುದನ್ನು ಅವನು ಒಮ್ಮೆ ಮೇಲಿನಿಂದ ಈಜುತ್ತ ನೋಡಲಿ.

ಸೋದರಳಿಯನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆ ದುರ್ವಾಸನೆಯ ವರ್ಷದ ಬಳಿಕ ಅವನು ಎಲ್ಲವನ್ನೂ ಖಾಲಿಮಾಡಿ, ಸಿಮೆಂಟಿನ ಕಲ್ಲನ್ನು ತಾನೇ ಅಚ್ಚು ಹಾಕಿ ಮತ್ತೆ ಆರಂಭಿಸಿದ. ಗೆಳೆಯನೊಬ್ಬನ ತೊಟ್ಟಿಯಿಂದ ಸ್ಪಂಜನ್ನೂ, ಹಳೆಯ ಔಷಧದ ಸೀಸೆಯೊಂದರಲ್ಲಿ ನೇರಳೆಯ ಕೆರೆತವನ್ನೂ ತಂದಿದ್ದ. ಏಳು ತಿಂಗಳು ಕಂದು, ಹಸಿರು ಬಿಟ್ಟರೆ ಬೇರೆ ಬಣ್ಣವೇ ಇರಲಿಲ್ಲ. ಅಕ್ಕ ದಿನವೂ ಅದರ ಮುಂದೆ ಹಾದುಹೋಗುವಾಗ ಏನಾದರೊಂದು ಅನ್ನುತ್ತಿದ್ದಳು. ಎಂಟನೆಯ ತಿಂಗಳಲ್ಲಿ ನಾನು ಹೋದಾಗ ಅವನು ಬಾಗಿಲಲ್ಲಿಯೇ ಕೈಹಿಡಿದು ಒಳಗೆ ಕರೆದೊಯ್ದು, ತೊಟ್ಟಿಯ ಎಡಮೂಲೆಯ ಕಲ್ಲಿನ ಕೆಳಬದಿಗೆ ಬೆರಳು ತೋರಿಸಿದ. ರಾಗಿಕಾಳಿನಷ್ಟು ನೇರಳೆ ಚುಕ್ಕೆಯೊಂದು ಕಲ್ಲಿಗೆ ಅಂಟಿಕೊಂಡಿತ್ತು. ಇನ್ನೂ ಎರಡಿವೆ ಮಾವ, ಅಲ್ಲಿ ಹಿಂದೆ, ಎಂದ. ಅಕ್ಕ ಕನ್ನಡಕ ತರಲು ಒಳಗೆ ಹೋದಳು.